ಎಂಟನೇ ವಾಲ್ವು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಬಾಸಿಡರ್ ಕಾರಿನ ಬಿಡಿಭಾಗ ಕೇಳಿದರೆ ಅಂಗಡಿಯವರು ಇಂದಿಗೂ ಹುಬ್ಬೇರಿಸುವುದಿಲ್ಲ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಕೋಲ್ಕತ್ತ ಬಳಿಯ ಉತ್ತರಪಾರಾ ಕಾರ್ಖಾನೆಯಲ್ಲಿ ಆ ಕಾರು ಮಾಡುವುದನ್ನು 2014ರಲ್ಲೇ ನಿಲ್ಲಿಸಿತು. 2017ರಲ್ಲಿ ಹೆಸರನ್ನೂ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿಬಿಟ್ಟಿತು. ಜೆ.ಸಿ. ರಸ್ತೆಗೆ ಈ ಸುದ್ದಿ ಮುಟ್ಟಿದ ಹಾಗೆ ಕಾಣಲಿಲ್ಲ. “ಪೆಟ್ರೋಲಾ, ಡೀಸೆಲಾ, ಇಸುಜುನಾ?” ಇಷ್ಟೇ ಪ್ರಶ್ನೆ. ಪೆಟ್ರೋಲ್, 1489 ಸಿಸಿ, ಮಾರ್ಕ್ 2 ಎಂದೆ. ಹೆಡ್ ಗ್ಯಾಸ್ಕೆಟ್, ಟ್ಯಾಪೆಟ್ ಕವರಿನ ಕಾರ್ಕ್ ಪಟ್ಟಿ, ಒಂದು ಜೊತೆ ಎಕ್ಸಾಸ್ಟ್ ವಾಲ್ವು, ಲ್ಯಾಪಿಂಗ್ ಪೇಸ್ಟಿನ ಡಬ್ಬಿ ಒಂದೊಂದಾಗಿ ಕೌಂಟರಿಗೆ ಬಂದವು. ಪಟ್ಟಿಯ ಕೊನೆಯಲ್ಲಿ ಎರಡು ಪುಶ್‌ರಾಡ್ ಇದ್ದವು. ಪಟ್ಟಿ ಬರೆಸಿದವರು ಶಿವಮೊಗ್ಗದ ಮೇಸ್ತ್ರಿ, ಫೋನಿನಲ್ಲಿ. “ಪುಶ್‌ರಾಡ್ ಬೇಕಾಗಬಾರದು. ಆದ್ರೂ ತನ್ನಿ” ಎಂದಿದ್ದರು.

ದೀಪಾವಳಿ ಮುಗಿದ ವಾರ ಬೆಳಗಿನ ರೈಲು ಹಿಡಿದೆ. ಹೆಡ್ ಗ್ಯಾಸ್ಕೆಟ್ಟನ್ನು ಮಡಚಬಾರದು, ಮೂಲೆ ಬಾಗಿದರೂ ಅದು ಗುಜರಿಗೆ. ಬ್ಯಾಗಿಗೆ ಹಿಡಿಸದ ಆ ತಾಮ್ರದ ಹಾಳೆಯನ್ನು ತಿಪಟೂರಿನ ತೆಂಗಿನ ತೋಟಗಳು, ಅರಸೀಕೆರೆ, ಬೀರೂರು ದಾಟುವವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದೆ. ಎದುರಿನ ಸೀಟಿನ ಹುಡುಗಿ ಅದರ ನಾಲ್ಕು ದೊಡ್ಡ ತೂತುಗಳಲ್ಲಿ ಒಂದರೊಳಗಿಂದ ನನ್ನನ್ನೇ ನೋಡಿ ನಕ್ಕಳು. ಅವಳ ಅಜ್ಜಿ ಇದು ಯಾವ ದೇವರ ಯಂತ್ರ ಎಂದು ಕೇಳಿದರು. ಭದ್ರಾವತಿ ಬಂದಾಗ ಕಬ್ಬಿಣದ ಕಾರ್ಖಾನೆಯ ಕಡೆ ಕಣ್ಣು ಹಾಯಿಸಿದೆ. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಲು ತೊಡಗಿದಾಗ ಉರಿದದ್ದು ಮಲೆನಾಡಿನ ಕಾಡಿನ ಇದ್ದಿಲು. ನಾನು ಹೊರಟಿದ್ದು ಅದೇ ಮಲೆನಾಡಿನ ಮಳೆ ಕಬ್ಬಿಣಕ್ಕೆ ಏನು ಮಾಡಿದೆ ಎಂದು ನೋಡಲಿಕ್ಕೆ.

ಕಾರು ನನ್ನ ಗೆಳೆಯನ ತಂದೆಯದು. ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಅಡಿಕೆ ತೋಟದ ಮನೆ. ನಂಬರ್ ಪ್ಲೇಟಿನ ಮೇಲೆ ಹಳೇ ಮೈಸೂರು ರಾಜ್ಯದ ‘ಎಂವೈ’ ಇನ್ನೂ ಇದೆ. ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಗಾಡಿ. ಯಜಮಾನರ ಕಣ್ಣು ಮಂಜಾದ ಮೇಲೆ ಅದನ್ನು ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ನುಗ್ಗಿಸಿ ನಿಲ್ಲಿಸಿದರು. ಎಷ್ಟು ವರ್ಷವಾಯಿತು ಎಂದರೆ ಮನೆಯವರು ಹನ್ನೊಂದು ಮಳೆಗಾಲ ಎನ್ನುತ್ತಾರೆ, ಮತ್ತು ಯಂತ್ರದ ವಿಷಯದಲ್ಲಿ ಇದೇ ಸರಿಯಾದ ಲೆಕ್ಕ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ತೀರ್ಥಹಳ್ಳಿ ಸುತ್ತ ಅಷ್ಟಿಲ್ಲ. ಆದರೂ ಜೂನಿನಿಂದ ಸೆಪ್ಟೆಂಬರಿನವರೆಗೆ ಹಗ್ಗದ ಮೇಲಿನ ಬಟ್ಟೆ ಒಣಗದ, ಪುಸ್ತಕದ ರಟ್ಟಿಗೆ ಬೂಷ್ಟು ಹಿಡಿಯುವ ಊರುಗಳೇ ಇವೆಲ್ಲ.

ಶಿವಮೊಗ್ಗದ ಸ್ಟೇಷನ್ನಿಗೆ ಮೇಸ್ತ್ರಿ ತಮ್ಮ ಓಮ್ನಿ ತಂದಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಅಂಬಾಸಿಡರ್ ಟ್ಯಾಕ್ಸಿಗಳ ಕಾಲದಲ್ಲಿ ಕೆಲಸ ಕಲಿತ ಕೈ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಂದು ತುಂಗೆಯ ಜೊತೆಜೊತೆಗೇ ಸಾಗುವ ಆ ರಸ್ತೆಯಲ್ಲಿ ನದಿ ನೋಡಲು ಅವರು ನನಗೆ ಪುರುಸೊತ್ತು ಕೊಡಲಿಲ್ಲ. ಸಕ್ರೆಬೈಲಿನಲ್ಲಿ ಆನೆಗಳನ್ನು ನೀರಿಗೆ ಇಳಿಸುತ್ತಿದ್ದರೂ ಓಮ್ನಿ ನಿಲ್ಲಲಿಲ್ಲ. ಮಾತೆಲ್ಲ ಟ್ಯಾಪೆಟ್ಟಿನದು.

ಅಂಬಾಸಿಡರ್ ಎಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಕೆಳಗೆ, ಬ್ಲಾಕಿನ ಹೊಟ್ಟೆಯಲ್ಲಿ. ವಾಲ್ವುಗಳು ಇರುವುದು ಮೇಲೆ, ಹೆಡ್ಡಿನಲ್ಲಿ. ಕ್ಯಾಮ್ ತಿರುಗಿದಾಗ ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ಟು ಪುಶ್‌ರಾಡನ್ನು, ಪುಶ್‌ರಾಡು ರಾಕರಿನ ಒಂದು ತುದಿಯನ್ನು. ರಾಕರಿನ ಇನ್ನೊಂದು ತುದಿ ವಾಲ್ವನ್ನು ಕೆಳಕ್ಕೆ ಒತ್ತಿ ತೆರೆಯುತ್ತದೆ. ತೆರೆಯುವುದಕ್ಕೆ ಇಷ್ಟೆಲ್ಲ ಸರಪಳಿ ಇದೆ. ಮುಚ್ಚುವುದಕ್ಕೆ ಇರುವುದು ಸ್ಪ್ರಿಂಗ್ ಮಾತ್ರ. “ನಿಂತ ಗಾಡೀಲಿ ಸೋಲೋದು ಸ್ಪ್ರಿಂಗು,” ಎಂದರು ಮೇಸ್ತ್ರಿ. “ಸ್ಪ್ರಿಂಗ್ ಮುರಿದು ಅಲ್ಲ. ವಾಲ್ವಿನ ಕಾಂಡ ಗೈಡಿನೊಳಗೆ ತುಕ್ಕು ಹಿಡಿದು ಕಚ್ಕೊಂಡ್ರೆ ಸ್ಪ್ರಿಂಗಿನ ಬಲ ಸಾಕಾಗಲ್ಲ.”

ಓಡುವ ಗಾಡಿಯಲ್ಲಾದರೆ ರೋಗ ಹಿಡಿಯುವುದು ಕಿವಿಯಿಂದ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು. ಐಡಲಿನಲ್ಲಿ ಎಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವು ಟಕ್ಕೆನ್ನುವುದು 350 ಸಲ. ಬೇರಿಂಗ್ ಹೋದರೆ ಬರುವ ಕೆಳಗಿನ ಬಡಿತ ಪ್ರತಿ ಸುತ್ತಿಗೂ ಇರುತ್ತದೆ, ಅಂದರೆ 700. ಯಾರೂ ಎಣಿಸುವುದಿಲ್ಲ, ಆದರೆ ಪಳಗಿದ ಕಿವಿಗೆ ಅರ್ಧ ವೇಗದ ತಾಳ ಬೇರೆಯಾಗಿಯೇ ಕೇಳುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗೆ ಆನಿಸಿ ಹಿಡಿಯನ್ನು ಕಿವಿಗಿಟ್ಟುಕೊಂಡರೆ ಎಂಟರಲ್ಲಿ ಯಾವುದು ಎಂದೂ ಹೇಳಬಹುದು. ನಿಂತುಹೋದ ಗಾಡಿಯಲ್ಲಿ ಈ ಯಾವ ಸವಲತ್ತೂ ಇಲ್ಲ. ಅದು ಬಾಯಿ ಬಿಡುವ ಮೊದಲೇ ರೋಗ ಹೇಳಬೇಕು.

ತೋಟದ ಮನೆ ಮುಟ್ಟುವ ಹೊತ್ತಿಗೆ ಕೊನೆಕೊಯ್ಲು ಶುರುವಾಗಿತ್ತು. ಅಂಗಳದಲ್ಲಿ ಹಂಡೆಯಿಂದ ಇಳಿಸಿದ ಅಡಿಕೆ, ಚೊಗರಿನ ಒಗರು ವಾಸನೆ. ಶೆಡ್ಡಿನ ಮುಂದೆ ಆಗಲೇ ಜನ ಸೇರಿದ್ದರು. ಪಕ್ಕದ ತೋಟದವರು ಹೊಸ ಬ್ಯಾಟರಿ ಹೊತ್ತು ತಂದು ಸಿದ್ಧವಾಗಿದ್ದರು. “ಒಂದ್ಸಲ ಸೆಲ್ಫ್ ಹೊಡೆದು ನೋಡಿ ಮಾರಾಯ್ರೆ, ಆ ಕಾಲದ ಎಂಜಿನ್, ಹಿಡೀದೆ ಎಲ್ಲಿಗೆ ಹೋಗುತ್ತೆ?”

ಈ ‘ಒಂದ್ಸಲ’ದಿಂದ ಹಾಳಾದ ಎಂಜಿನ್ನುಗಳಿಗೆ ಲೆಕ್ಕವಿಲ್ಲ. ಕಚ್ಚಿಕೊಂಡ ವಾಲ್ವನ್ನು ಕ್ಯಾಮ್ ಬಲವಂತವಾಗಿ ಒತ್ತಿದರೆ ನಡುವೆ ಸಿಕ್ಕಿದ ಪುಶ್‌ರಾಡು ಬಾಗುತ್ತದೆ. ತೆರೆದೇ ಕಚ್ಚಿಕೊಂಡಿದ್ದರೆ ಸಡಿಲಾದ ಪುಶ್‌ರಾಡು ಜಾಗ ತಪ್ಪಿ ಬೀಳುತ್ತದೆ. ಜೊತೆಗೆ ಕ್ಯಾಮಿನ ಉಬ್ಬುಗಳ ಮೇಲೆ ಎಣ್ಣೆಯ ಪಸೆ ಎಂದೋ ಆರಿಹೋಗಿರುತ್ತದೆ, ಮೊದಲ ಕೆಲವು ಸುತ್ತು ಒಣ ಲೋಹದ ಮೇಲೆ ಒಣ ಲೋಹದ ಉಜ್ಜಾಟ. ಮೇಸ್ತ್ರಿ ಬ್ಯಾಟರಿಯನ್ನು ಶೆಡ್ಡಿನ ಹೊರಗೆ ಇಡಿಸಿದರು. ಆಮೇಲೆ ಗೆಳೆಯನನ್ನು ಕೇಳಿದರು: “ಗಾಡಿ ಎಲ್ಲಿ ನಿಂತಿದೆ?”

“ಇಲ್ಲೇ, ಅವತ್ತಿನಿಂದ ಇದೇ ಶೆಡ್ಡಲ್ಲಿ.”

“ಅದಲ್ಲ. ಎಂಜಿನ್ ಎಲ್ಲಿ ನಿಂತಿದೆ?”

ಅವರ ಮಟ್ಟಿಗೆ ಇಡೀ ಪರೀಕ್ಷೆ ಈ ಪ್ರಶ್ನೆಯ ಮೇಲೆ ನಿಂತಿತ್ತು. ಕೀಲಿ ತಿರುಗಿಸಿ ಎಂಜಿನ್ ಆರಿಸಿದಾಗ ಅದು ಯಾವುದೋ ಒಂದು ಪಿಸ್ಟನ್ನಿನ ಕಂಪ್ರೆಷನ್ನಿಗೆ ಎದುರಾಗಿ ಸೋತು ನಿಲ್ಲುತ್ತದೆ. ಆ ಕ್ಷಣದಲ್ಲಿ ಕೆಲವು ವಾಲ್ವು ಮುಚ್ಚಿರುತ್ತವೆ, ಒಂದೆರಡು ತೆರೆದಿರುತ್ತವೆ. ತೆರೆದವು ಹನ್ನೊಂದು ಮಳೆಗಾಲವೂ ತೆರೆದೇ ಇರುತ್ತವೆ. ಕಾರು ಸುಮ್ಮನೆ ನಿಂತಿತ್ತು ಎಂದು ನಾವು ಹೇಳುವಾಗ ಅದರ ಭಾಗಗಳೆಲ್ಲ ಒಂದೇ ಥರ ಹಳತಾದವು ಎಂದುಕೊಳ್ಳುತ್ತೇವೆ. ಹಾಗಿಲ್ಲ. ಒಂದು ಸಿಲಿಂಡರು ಬಾಗಿಲು ಹಾಕಿಕೊಂಡು ಬೆಚ್ಚಗಿದ್ದಾಗ ಅದರ ಪಕ್ಕದ್ದು ಪ್ರತಿ ಆಷಾಢದ ಗಾಳಿಯನ್ನೂ ಒಳಗೆ ಬಿಟ್ಟುಕೊಂಡಿರುತ್ತದೆ. ಕೊನೆಯ ದಿನ ಯಾರೋ ಕೀಲಿ ಅರ್ಧ ಸೆಕೆಂಡು ತಡವಾಗಿ ತಿರುಗಿಸಿದ್ದರೆ ಬೇರೆ ವಾಲ್ವು ಕೊಳೆಯುತ್ತಿತ್ತು.

ಟ್ಯಾಪೆಟ್ ಕವರ್ ಬಿಚ್ಚಿದರು. ಒಳಗೆ ಎಣ್ಣೆ ಕಪ್ಪು ಅಂಟಾಗಿತ್ತು. ಈ ಎಂಜಿನ್ನಿನಲ್ಲಿ ರೇಡಿಯೇಟರ್ ಕಡೆಯಿಂದ ಎಣಿಸಿದರೆ ವಾಲ್ವುಗಳ ಸಾಲು ಎಕ್ಸಾಸ್ಟ್, ಇನ್ಲೆಟ್, ಇನ್ಲೆಟ್, ಎಕ್ಸಾಸ್ಟ್, ಮತ್ತೆ ಅದೇ ಕ್ರಮ. ಮೇಸ್ತ್ರಿ ಟಾರ್ಚ್ ಹಿಡಿದು ನೋಡಿದರು. ಆರನೆಯದು ಮತ್ತು ಎಂಟನೆಯದು ಕೆಳಗೆ ಇಳಿದಿದ್ದವು. ಫೈರಿಂಗ್ ಆರ್ಡರ್ 1-3-4-2. ಅಂದರೆ ಒಂದನೇ ಸಿಲಿಂಡರು ಕಂಪ್ರೆಷನ್ನಿನಲ್ಲಿ ನಿಂತಿದೆ, ಮೂರನೆಯದು ಗಾಳಿ ಎಳೆಯುತ್ತ, ನಾಲ್ಕನೆಯದು ಹೊಗೆ ಬಿಡುತ್ತ. ಮೂರನೆಯದರ ಇನ್ಲೆಟ್ ಕಾರ್ಬುರೇಟರಿಗೆ, ಏರ್ ಕ್ಲೀನರಿಗೆ ತೆರೆದುಕೊಂಡಿದೆ. ನಾಲ್ಕನೆಯದರ ಎಕ್ಸಾಸ್ಟ್ ತೆರೆದುಕೊಂಡಿರುವುದು ಸೈಲೆನ್ಸರಿನ ಕೊಳವೆಗೆ, ಅಲ್ಲಿಂದ ನೇರ ಶೆಡ್ಡಿನ ಹೊರಗಿನ ಮಳೆಗೆ. ಕೊಳವೆಯ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಅದು ಸ್ವಲ್ಪ ತಡೆದಿರಬಹುದು, ಆದರೆ ಕಣಜ ಬರುವ ಮೊದಲೇ ಎಷ್ಟು ಮಳೆಗಾಲ ಹೋಗಿದ್ದವೋ.

ಎಂಜಿನ್ನನ್ನು ಕೂದಲೆಳೆಯಷ್ಟೂ ತಿರುಗಿಸದೆ ಅವರು ಮಾಡಿದ ಪರೀಕ್ಷೆಯನ್ನು ನಾನು ಬಗ್ಗಿ ನೋಡಿದೆ. ಆರನೇ ರಾಕರಿನ ಲಾಕ್‌ನಟ್ ಸಡಿಲಿಸಿ, ಅಡ್ಜಸ್ಟಿಂಗ್ ಸ್ಕ್ರೂವನ್ನು ನಿಧಾನ ಬಿಚ್ಚಿದರು. ಸ್ಕ್ರೂ ಹಿಂದೆ ಸರಿದಂತೆ ವಾಲ್ವಿನ ಕಾಂಡ ಸ್ಪ್ರಿಂಗಿನ ಬಲಕ್ಕೆ ಮೇಲೆ ಬರಬೇಕು. ಬಂತು, ಆದರೆ ತಡೆದು ತಡೆದು, ಮನಸ್ಸಿಲ್ಲದೆ. “ಇದಕ್ಕೆ ಜೀವ ಇದೆ.” ಎಂಟನೆಯದರ ಸ್ಕ್ರೂ ಬಿಚ್ಚಿದರು. ಒಂದು ಸುತ್ತು, ಎರಡು ಸುತ್ತು. ರಾಕರು ಸಡಿಲವಾಗಿ ಬೆರಳಿಗೆ ಲಟಪಟ ಅಲ್ಲಾಡತೊಡಗಿತು. ಕಾಂಡ ಇದ್ದಲ್ಲೇ ಇತ್ತು. ಸ್ಪ್ರಿಂಗು ಪೂರ್ತಿ ಅದುಮಿಕೊಂಡೇ ಇತ್ತು, ಅದರ ಬಲವನ್ನೆಲ್ಲ ಕಾಂಡದ ಸುತ್ತಲಿನ ತುಕ್ಕಿನ ಒಂದು ಪೊರೆ ಹಿಡಿದು ನಿಲ್ಲಿಸಿತ್ತು. ಸೆಲ್ಫ್ ಹೊಡೆದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಬ್ಯಾಟರಿ ತಂದವರು ಅಡಿಕೆ ಹಂಡೆಯ ಕಡೆ ಹೋಗಿದ್ದರು.

ತುದಿಯ ರಾಕರಾದ್ದರಿಂದ ಶಾಫ್ಟಿನ ಸ್ಪ್ಲಿಟ್ ಪಿನ್ ತೆಗೆದು ಅದನ್ನು ಪಕ್ಕಕ್ಕೆ ಸರಿಸಿ ಪುಶ್‌ರಾಡು ಹೊರತೆಗೆದರು. ಎಳೆಯುವ ಮೊದಲು ಬೆರಳಲ್ಲಿ ತಿರುಗಿಸಿದರು. ಹಳೇ ಎಣ್ಣೆಯ ಅಂಟಿಗೆ ಕೆಳಗಿನ ಟ್ಯಾಪೆಟ್ಟೂ ಜೊತೆಗೆ ಬಂದು ಜಾಗ ತಪ್ಪಿದರೆ ಮತ್ತೊಂದು ಅಧ್ವಾನ. ಆಮೇಲೆ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ನಾಲ್ಕು ಸಿಲಿಂಡರಿಗೂ ಡೀಸೆಲ್, ಎಂಜಿನ್ ಆಯಿಲ್ ಬೆರೆಸಿ ಸುರಿದರು. ಎಂಟನೇ ಕಾಂಡದ ಬುಡಕ್ಕೂ ಅದನ್ನೇ ಹನಿಹನಿಯಾಗಿ ಬಿಟ್ಟರು. ಟ್ಯಾಂಕಿನ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದರು. ಅದು ಪೆಟ್ರೋಲಿನ ವಾಸನೆ ಬಿಟ್ಟು ಬಾಗಿಲಿಗೆ ಬಳಿಯುವ ವಾರ್ನಿಶ್ಶಿನ ವಾಸನೆ ಹೊಡೆಯುತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಆ ಪೆಟ್ರೋಲಿನ ಕಥೆ ಬಂತು. ಸಾಗರದ ಕಡೆ ಯಾರೋ ಒಬ್ಬರು ಇಂಥದೇ ಗಾಡಿಯನ್ನು ಹಳೇ ಪೆಟ್ರೋಲಿನಲ್ಲೇ ಚಾಲೂ ಮಾಡಿದರಂತೆ. ಚೆನ್ನಾಗಿಯೇ ಓಡಿತು, ಊರೆಲ್ಲ ಒಂದು ಸುತ್ತು ಬಂದರು. ಬೆಳಿಗ್ಗೆ ಮತ್ತೆ ಸೆಲ್ಫ್ ಹೊಡೆದಾಗ ಪುಶ್‌ರಾಡು ಬಾಗಿತು. ಹಳಸಿದ ಪೆಟ್ರೋಲಿನ ಅಂಟು ಬಿಸಿ ಎಂಜಿನ್ನಿನಲ್ಲಿ ಮೆತ್ತಗಿದ್ದು ಇನ್ಲೆಟ್ ಕಾಂಡಗಳಿಗೆ ಸವರಿಕೊಳ್ಳುತ್ತದೆ, ರಾತ್ರಿ ತಣ್ಣಗಾದಾಗ ಅರಗಿನಂತೆ ಬಿಗಿಯುತ್ತದೆ. ಹನ್ನೊಂದು ಮಳೆಗಾಲ ಮಾಡದ ಕೆಲಸವನ್ನು ಒಂದು ರಾತ್ರಿ ಮಾಡಿ ಮುಗಿಸುತ್ತದೆ. ನಿಂತ ಗಾಡಿ ಚಾಲೂ ಆಯಿತು ಎಂದು ಸಿಹಿ ಹಂಚುವವರನ್ನು ಕಂಡರೆ ನನಗೆ ಅಂದಿನಿಂದ ಅನುಮಾನ. ಮರುದಿನ ಬೆಳಿಗ್ಗೆ ಏನಾಯಿತು ಎಂದು ಕೇಳಬೇಕೆನಿಸುತ್ತದೆ.

ಬೆಳಿಗ್ಗೆ ಮೇಸ್ತ್ರಿ ಶುಭ್ರ ನೈಲಾನ್ ಹಗ್ಗ ಕೇಳಿದರು, ಗೇಣುದ್ದದ್ದಲ್ಲ, ಮಾರುದ್ದದ್ದು. ಅದನ್ನು ನಾಲ್ಕನೇ ಸಿಲಿಂಡರಿನ ಪ್ಲಗ್ ತೂತಿನಿಂದ ಒಳಗೆ ತುರುಕಿ ತುದಿಯನ್ನು ಹೊರಗೆ ಬಿಟ್ಟರು. ಬಂಪರಿನ ತೂತಿಗೆ ಹ್ಯಾಂಡಲ್ ಹಾಕಿ ಗೆಳೆಯ ಮೆಲ್ಲಗೆ ತಿರುಗಿಸಿದ. ಪಿಸ್ಟನ್ ಮೇಲೇರಿ ಹಗ್ಗದ ಸುರುಳಿಯನ್ನು ಒತ್ತಿತು, ಹಗ್ಗ ವಾಲ್ವಿನ ತಲೆಯನ್ನು. ಲೋಹಕ್ಕೆ ಲೋಹ ತಾಗದ ಹಾಗೆ ಬಲ ಹಾಕುವ ಉಪಾಯ ಇದು. ಮೊದಲು ಏನೂ ಆಗಲಿಲ್ಲ. “ಬಿಡಿ, ಹಿಂದಕ್ಕೆ. ಈಗ ಮತ್ತೆ.” ಒಂದು ಸಲ ಕಟ್ ಎಂದಿತು, ಕಾಂಡ ಒಂದು ನೂಲಿನಷ್ಟು ಎದ್ದಿತು. ಡೀಸೆಲ್ ಬಿಟ್ಟು ಮರದ ಕೊಡತಿಯಿಂದ ಕೆಳಕ್ಕೆ ಬಡಿದು, ಹಗ್ಗದಿಂದ ಮತ್ತೆ ಎಬ್ಬಿಸಿ, ಮಧ್ಯಾಹ್ನದ ಹೊತ್ತಿಗೆ ವಾಲ್ವು ಸ್ಪ್ರಿಂಗಿನ ಬಲಕ್ಕೇ ಟಪ್ಪನೆ ಮುಚ್ಚತೊಡಗಿತು.

ಮುಚ್ಚಿದ್ದೇನೋ ಹೌದು, ಸರಿಯಾಗಿ ಮುಚ್ಚಿತೇ? ಬ್ಯಾಟರಿ ಒಳಗೆ ಬಂತು. ಪ್ಲಗ್ಗಿಲ್ಲದೆ ಸೆಲ್ಫ್ ತಿರುಗಿಸಿ ಮೊದಲು ಎಣ್ಣೆಯ ಪ್ರೆಶರ್ ಬರಿಸಿಕೊಂಡು, ಆಮೇಲೆ ಕಂಪ್ರೆಷನ್ ಗೇಜ್ ಹಿಡಿದರು. 115, 110, 95 ಪೌಂಡ್. ನಾಲ್ಕನೆಯದು 30. ಆ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿದರು. ರಿಂಗು ಸವೆದಿದ್ದರೆ ಎಣ್ಣೆಯ ಪಸೆಗೆ ಅಂಕಿ ಏರಬೇಕು. ಏರಲಿಲ್ಲ. ಪಿಸ್ಟನ್ನನ್ನು ತುತ್ತತುದಿಗೆ ತಂದು, ಹಳೇ ಪ್ಲಗ್ಗಿನ ಹೊಟ್ಟೆ ಕೊರೆದು ಮಾಡಿಕೊಂಡ ನಳಿಗೆಯಿಂದ ಪಂಪಿನ ಗಾಳಿ ತುಂಬಿದರು. ಕಾರ್ಬುರೇಟರಿನಲ್ಲಿ ಉಸ್ಸೆಂದರೆ ಇನ್ಲೆಟ್, ಎಣ್ಣೆ ತುಂಬುವ ಬಾಯಲ್ಲಿ ಕೇಳಿದರೆ ರಿಂಗು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್. ಸೈಲೆನ್ಸರಿನ ಬಾಯಿಗೆ ಕಿವಿಯಿಟ್ಟಿದ್ದ ಮನೆಯ ಹುಡುಗ ಕೂಗಿದ: “ಇಲ್ಲಿ ಬರ್ತಿದೆ ಅಜ್ಜಾ!” ಎಕ್ಸಾಸ್ಟ್. ಹೆಡ್ ಇಳಿಸದೆ ಗತಿಯಿಲ್ಲ ಎಂದು ಮೇಸ್ತ್ರಿ ಅಂದಾಗ ಅವರ ದನಿಯಲ್ಲಿ ಬೇಸರ ಇರಲಿಲ್ಲ.

ಬೀಡು ಕಬ್ಬಿಣದ ಹೆಡ್ಡು ಇಬ್ಬರು ಎತ್ತುವಷ್ಟು ಭಾರ. ಅಂಗಳದ ಬಿಸಿಲಿಗೆ ಮಗುಚಿಟ್ಟಾಗ ಕಥೆಯೆಲ್ಲ ಅಲ್ಲೇ ಬರೆದಿತ್ತು. ಒಂದು, ಎರಡು, ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವುಗಳ ಮೇಲೆ ಬೂದು ಬಣ್ಣದ ಮಸಿ, ಅಂಚು ನುಣುಪು. ಎಂಟನೆಯದರ ಅಂಚಿನ ಸುತ್ತ ಕೆಂಪು ಉಂಗುರ, ಉಗುರು ಆಡಿಸಿದರೆ ಸಿಗುವ ಗುಳಿಗಳು. ಕೂರುವ ಸೀಟಿನಲ್ಲೂ ಅದಕ್ಕೆ ಸರಿಜೋಡಿ ಗುಳಿಗಳು. ಸುಟ್ಟ ಪೆಟ್ರೋಲಿನ ಮಸಿಯಲ್ಲಿ ಆಮ್ಲದ ಅಂಶ ಇರುತ್ತದೆ, ಅದಕ್ಕೆ ತೇವ ಸೇರಿದರೆ ಬರೀ ಮಳೆನೀರಿಗಿಂತ ಬೇಗ ಕಬ್ಬಿಣ ತಿನ್ನುತ್ತದೆ.

ಹೆಡ್ಡನ್ನು ಗೋಣಿಯಲ್ಲಿ ಸುತ್ತಿ ಓಮ್ನಿಗೆ ಹಾಕಿ ಮತ್ತೆ ಶಿವಮೊಗ್ಗದ ದಾರಿ. ಈ ಸಲ ಮಂಡಗದ್ದೆಯಲ್ಲಿ ಚಹಾಕ್ಕೆ ನಿಂತೆವು. ಮಳೆಗಾಲದಲ್ಲಿ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ ಗೂಡು ಕಟ್ಟುವ ಜಾಗ. ಈಗ ಹಕ್ಕಿ ಇರಲಿಲ್ಲ, ನೀರು ತಿಳಿಯಾಗಿ ಹರಿಯುತ್ತಿತ್ತು. ಮೇಸ್ತ್ರಿ ನೀರಿಗೆ ಬೆನ್ನು ಹಾಕಿ ಕೂತು ಸೀಟ್ ಕಟ್ಟಿಂಗ್ ಬಗ್ಗೆ ಮಾತಾಡಿದರು.

ಮೆಷಿನ್ ಶಾಪಿನಲ್ಲಿ ನಾಲ್ಕು ಎಕ್ಸಾಸ್ಟಿಗೂ ಗಟ್ಟಿ ಲೋಹದ ಸೀಟ್ ರಿಂಗ್ ಕೂರಿಸಿ ಎಂದು ಹೇಳಿದರು. ಒಂದು ಕೆಟ್ಟದ್ದಕ್ಕೆ ನಾಲ್ಕೇಕೆ ಎಂದು ನಾನು ಕೇಳಿದೆ. ಆ ಕಾಲದ ಹೆಡ್ಡುಗಳಲ್ಲಿ ಸೀಟನ್ನು ಬೀಡಿನಲ್ಲೇ ನೇರವಾಗಿ ಕಡೆದಿರುತ್ತಾರೆ. ಪೆಟ್ರೋಲಿನಲ್ಲಿದ್ದ ಸೀಸ ಅದರ ಮೇಲೆ ತೆಳು ಪೊರೆಯಾಗಿ ಕೂತು ಬಡಿತವನ್ನು ತಾಳಿಕೊಳ್ಳುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ನಿಲ್ಲಲೇಬೇಕಾಗಿದ್ದ ವಿಷ ಅದು, ಮಕ್ಕಳ ಮಿದುಳಿಗೆ ಹಾನಿ. ಆದರೆ ಹಳೇ ಸೀಟುಗಳು ಬೋಳಾದವು. ಜೋರಾಗಿ ಓಡಿಸಿದರೆ ಎಕ್ಸಾಸ್ಟ್ ವಾಲ್ವು ತನ್ನ ಸೀಟನ್ನು ತಾನೇ ಬಡಿದು ತಗ್ಗಿಸುತ್ತ ಹೆಡ್ಡಿನೊಳಕ್ಕೆ ಸರಿಯುತ್ತದೆ. ಹೆಡ್ಡು ಹೇಗೂ ಬಿಚ್ಚಿದೆ, ಈಗಲೇ ಮುಗಿಸಿಬಿಡೋಣ ಎಂಬುದು ಮೇಸ್ತ್ರಿಯ ಲೆಕ್ಕ. 45 ಡಿಗ್ರಿಗೆ ಸೀಟು ಕಡೆದು, ಹೊಸ ಗೈಡು ಕೂರಿಸಿ ಕೊಟ್ಟರು. ಲ್ಯಾಪಿಂಗ್ ಮಾತ್ರ ಮೇಸ್ತ್ರಿ ಬೇರೆಯವರಿಗೆ ಬಿಡಲಿಲ್ಲ. ತೋಟದ ಜಗಲಿಯ ಮೇಲೆ ಕೂತು, ಪೇಸ್ಟು ಸವರಿ, ರಬ್ಬರ್ ತುದಿಯ ಕೋಲನ್ನು ಎರಡು ಅಂಗೈ ನಡುವೆ ಆಡಿಸುತ್ತ ಎಂಟೂ ವಾಲ್ವನ್ನು ಉಜ್ಜಿದರು. ಮೊದಲು ಒರಟು ಸದ್ದು, ಆಮೇಲೆ ಸದ್ದೇ ಕಮ್ಮಿ. ಪೋರ್ಟಿನೊಳಗೆ ಸೀಮೆಎಣ್ಣೆ ತುಂಬಿಟ್ಟು ಒಂದು ಹನಿಯೂ ಜಿನುಗದ ಮೇಲೆಯೇ ಎದ್ದದ್ದು.

ಮತ್ತೆ ಜೋಡಿಸುವಾಗ ನನ್ನ ಮಟ್ಟಿಗೆ ಅತ್ಯಂತ ಸ್ವಾರಸ್ಯದ ಕೆಲಸ ಟ್ಯಾಪೆಟ್ ಸೆಟ್ಟಿಂಗು. ಈ ಎಂಜಿನ್ನಿಗೆ ವಾಲ್ವಿನ ಗ್ಯಾಪ್ 15 ಥೌ, ಅಂದರೆ ಇಂಚಿನ ಸಾವಿರ ಭಾಗದಲ್ಲಿ 15, 0.38 ಮಿಲಿಮೀಟರ್. ಯಾವ ವಾಲ್ವು ಯಾವಾಗ ಸೆಟ್ ಮಾಡಬೇಕು ಎಂಬುದಕ್ಕೆ ಒಂಬತ್ತರ ಲೆಕ್ಕ: ಒಂದನೆಯದು ಪೂರ್ತಿ ತೆರೆದಾಗ ಎಂಟನೆಯದು, ಮೂರನೆಯದು ತೆರೆದಾಗ ಆರನೆಯದು, ಎರಡರ ಮೊತ್ತ ಸದಾ ಒಂಬತ್ತು. ಪುಸ್ತಕ ನೋಡದೆ ನೆನಪಿಡಬಹುದಾದ ಇಂಥ ಚಂದದ ಸೂತ್ರ ಈಗಿನ ಕಾರುಗಳಲ್ಲಿ ಉಳಿದಿಲ್ಲ. ಮೇಸ್ತ್ರಿ ಫೀಲರ್ ಗೇಜಿನ ಪಟ್ಟಿ ತೂರಿಸುವ ಮೊದಲು ಪ್ರತಿ ರಾಕರಿನ ಮೂತಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ವಾಲ್ವಿನ ಕಾಂಡ ಬಡಿದು ಬಡಿದು ಅಲ್ಲಿ ಚಿಕ್ಕ ಹಳ್ಳ ಬಿದ್ದಿರುತ್ತದೆ. ಗೇಜಿನ ಪಟ್ಟಿ ಹಳ್ಳಕ್ಕೆ ಇಳಿಯದೆ ಎರಡು ದಂಡೆಗೆ ಅಡ್ಡಲಾಗಿ ಕೂರುತ್ತದೆ. ಗೇಜು 15 ಎಂದರೂ ಇರುವ ಗ್ಯಾಪು ಇನ್ನೂ ಹೆಚ್ಚು. ಎಷ್ಟು ಸಲ ಸೆಟ್ ಮಾಡಿದರೂ ಸದ್ದು ನಿಲ್ಲದ ಗಾಡಿಗಳ ಗುಟ್ಟು ಬಹಳ ಸಲ ಇದೇ. ಇಲ್ಲಿ ಎರಡು ರಾಕರುಗಳಿಗೆ ಹಳ್ಳ ಬಿದ್ದಿತ್ತು, ಎಣ್ಣೆಕಲ್ಲಿನಲ್ಲಿ ತೀಡಿ ಸಮ ಮಾಡಿದರು. ರಾಕರ್ ಶಾಫ್ಟಿನೊಳಗೆ ಗಟ್ಟಿಯಾಗಿದ್ದ ಕೆಸರನ್ನು ತಂತಿ ಹಾಕಿ ಕೆದಕಿ ತೆಗೆದರು. ತಂದಿದ್ದ ಪುಶ್‌ರಾಡುಗಳು ಪೊಟ್ಟಣದಲ್ಲೇ ಉಳಿದವು.

ಹೊಸ ಪೆಟ್ರೋಲಿಗೆ ಎಂಜಿನ್ ಹಿಡಿಯಿತು. ಮೊದಲು ನೀಲಿ ಹೊಗೆ, ಸಿಲಿಂಡರಿಗೆ ಸುರಿದ ಎಣ್ಣೆಯದು. ಆಮೇಲೆ ನಾಲ್ಕೂ ಒಂದೇ ಹದಕ್ಕೆ ಬಂದವು. ಯಜಮಾನರನ್ನು ಕೈ ಹಿಡಿದು ಕರೆತಂದು ಕುರ್ಚಿ ಹಾಕಿದರು. ಅವರು ತಲೆ ಓರೆ ಮಾಡಿ ಕೇಳಿ, ಮೊದಲಿಗಿಂತ ಐಡಲ್ ಸ್ವಲ್ಪ ಜಾಸ್ತಿ ಇಟ್ಟಿದೀರಿ ಎಂದರು. ಮೇಸ್ತ್ರಿ ಒಂದು ಮಾತೂ ಆಡದೆ ಕಾರ್ಬುರೇಟರಿನ ಸ್ಕ್ರೂ ಇಳಿಸಿದರು.

ಗೆಳೆಯನ ತಕರಾರು ಬೇರೆ. “ಟೈಲರ್ ಮಿಷನ್ ಥರ ಟಕಟಕ ಅಂತಿದೆಯಲ್ಲ, ಇನ್ನೊಂಚೂರು ಟೈಟ್ ಮಾಡಿ ಸದ್ದು ನಿಲ್ಲಿಸಕ್ಕಾಗಲ್ವಾ?” ಗ್ಯಾಪು ಕಮ್ಮಿ ಮಾಡಿದರೆ ಸದ್ದು ನಿಲ್ಲುತ್ತದೆ, ನಿಜ. ಆದರೆ ಕಾದಾಗ ಕಾಂಡ ಉದ್ದವಾಗಿ, ಇದ್ದ ಗ್ಯಾಪನ್ನೂ ತಿಂದು, ವಾಲ್ವು ಪೂರ್ತಿ ಮುಚ್ಚದೆ ನಿಲ್ಲುತ್ತದೆ. ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯನ್ನು ಇಳಿಸಿಕೊಳ್ಳುವುದು ಹೆಚ್ಚಾಗಿ ಸೀಟಿಗೆ ತಾಗಿ ಕೂತ ಆ ಗಳಿಗೆಯಲ್ಲಿ. ಕೂರಲು ಬಿಡದಿದ್ದರೆ ಸಂದಿನಲ್ಲಿ ಬೆಂಕಿ ನುಗ್ಗಿ ಅಂಚು ಸುಡುತ್ತದೆ, ಅದೂ ಸದ್ದಿಲ್ಲದೆ. ಸೀಟು ತಗ್ಗಿದರೂ ಹೀಗೇ: ಕಾಂಡ ಮೇಲೇರಿ ಗ್ಯಾಪು ಮುಚ್ಚುತ್ತ ಬರುತ್ತದೆ, ಎಂಜಿನ್ ದಿನೇದಿನೇ ಮೌನವಾಗುತ್ತದೆ, ಓಡಿಸುವವನು ಗಾಡಿ ಸುಧಾರಿಸಿತು ಎಂದು ಖುಷಿಪಡುತ್ತಾನೆ.

ಮೇಸ್ತ್ರಿ ಇಷ್ಟು ಉದ್ದ ಹೇಳಲಿಲ್ಲ. ಕೈ ಒರೆಸಿಕೊಳ್ಳುತ್ತ, 500 ಕಿಲೋಮೀಟರ್ ಓಡಿಸಿದ ಮೇಲೆ ಹೆಡ್ ನಟ್ಟು, ಟ್ಯಾಪೆಟ್ಟು ಎರಡನ್ನೂ ಮತ್ತೆ ನೋಡಬೇಕು ಅಂದರು. “ಅಲ್ಲೀವರೆಗೆ ಸದ್ದು ಜಾಸ್ತಿ ಆದ್ರೆ ಪುರುಸೊತ್ತಿದ್ದಾಗ ಬನ್ನಿ. ಕಮ್ಮಿ ಆದ್ರೆ ಅವತ್ತೇ ಫೋನ್ ಮಾಡಿ.” ಇದು ತಿರುವುಮುರುವಾಗಿ ನೆನಪುಳಿದೀತೆಂದು ಗೆಳೆಯ ಬಾನೆಟ್ಟಿನ ಒಳಮೈಗೆ ಮಾರ್ಕರಿನಲ್ಲಿ ಬರೆದಿಟ್ಟ. ತೀರ್ಥಹಳ್ಳಿಯವರೆಗೆ ಒಂದು ಸುತ್ತು ಹೋಗಿಬರೋಣ ಎಂದು ಹುಡುಗರೆಲ್ಲ ಹಿಂದಿನ ಸೀಟು ಹತ್ತಿ ಕೂತರು. ಬ್ರೇಕ್ ಪೆಡಲ್ ಒತ್ತಿದರೆ ನೆಲ ಮುಟ್ಟುತ್ತಿತ್ತು, ಎಲ್ಲರನ್ನೂ ಇಳಿಸಿದರು.